ಮೋತಿಬಿಂದು ಬೇರೆ, ಕಾಚಬಿಂದು ಬೇರೆ

ಮುಂಬಯಿ ಪಕ್ಕದ ಡೊಂಬಿವಲಿಯ ನನ್ನ ಕಣ್ಣಿನ ಕ್ಲಿನಿಕ್‌ಗೆ ಬರುವವರಲ್ಲಿ ನಮ್ಮ ಕನ್ನಡದವರು ಜಾಸ್ತಿ. ಕಣ್ಣು ಮಂಜಾಯಿತು ಅಂದರೆ ಸಾಕು, ಕುರ್ಚಿಯಲ್ಲಿ ಕೂರುವ ಮುಂಚೆಯೇ "ಪೊರೆ ಬಂದಿರಬೇಕು ಡಾಕ್ಟ್ರೇ" ಅನ್ನುತ್ತಾರೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಪೊರೆಗೆ ಮರಾಠಿಯಲ್ಲಿ ಮೋತಿಬಿಂದು, ಗ್ಲಾಕೋಮಾಕ್ಕೆ ಕಾಚಬಿಂದು. ಎರಡರಲ್ಲೂ ಬಿಂದು ಇದೆ ಅಲ್ವಾ, ಎರಡೂ ಒಂದೇ ಅಂದುಕೊಂಡು ಎಷ್ಟೋ ಜನ ಮನೆಗೆ ಹೋಗಿಬಿಡುತ್ತಾರೆ. ಪೊರೆಯಿಂದ ಮಸುಕಾದ ದೃಷ್ಟಿ ಆಪರೇಷನ್ ಮಾಡಿದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಕಾಚಬಿಂದುವಿನಲ್ಲಿ ಹೋದದ್ದು ಹೋಯಿತು, ಉಳಿದಿದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ.

ಕಳೆದ ವರ್ಷ ಒಬ್ಬರು ಬಂದಿದ್ದರು. ಕುಂದಾಪುರದ ಕಡೆಯವರು, ಅರವತ್ತು ದಾಟಿದೆ, ಹುಡುಗನಾಗಿದ್ದಾಗಿನಿಂದ ಇಲ್ಲೇ ಹೋಟೆಲ್ ಕೆಲಸ, ಈಗ ಸ್ವಂತ ಹೋಟೆಲ್. ಚಾರ್ಟಿನ ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದರು. "ಕಣ್ಣಿಗೇನೂ ಆಗಿಲ್ಲ, ಮಗ ಸುಮ್ನೆ ಕರ್ಕೊಂಡು ಬಂದ" ಅಂದರು. ಮಗ ಹೇಳಿದ್ದು ಬೇರೆ. ಗಲ್ಲಾದಲ್ಲಿ ಕೂತಿರುವಾಗ ಪಕ್ಕದಿಂದ ಯಾರಾದರೂ ದುಡ್ಡು ಚಾಚಿದರೆ ಅಪ್ಪನಿಗೆ ಗೊತ್ತಾಗುವುದಿಲ್ಲ, ಮೇಜಿನ ಮೂಲೆ ತೊಡೆಗೆ ಬಡಿಯುತ್ತದೆ, ಸ್ಟೇಷನ್ ಮೆಟ್ಟಿಲಲ್ಲಿ ಅಕ್ಕಪಕ್ಕದವರಿಗೆ ಡಿಕ್ಕಿ ಹೊಡೆಯುತ್ತಾರೆ.

ಫೀಲ್ಡ್ ಟೆಸ್ಟ್‌ಗೆ ಕೂರಿಸಿದೆ. ಒಂದು ಬಿಳಿ ಬಟ್ಟಲಿನಂಥ ಮೆಷಿನ್. ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಚುಕ್ಕಿ ಬೆಳಕು ಮಿಂಚಿದರೆ ಬಟನ್ ಒತ್ತಬೇಕು. ಮಧ್ಯದಲ್ಲಿ ಎರಡು ಸಲ "ಮೆಷಿನ್ ನಿಂತು ಹೋಯ್ತಾ?" ಅಂತ ಕೇಳಿದರು. ನಿಂತಿರಲಿಲ್ಲ. ಬೆಳಕು ಬರುತ್ತಲೇ ಇತ್ತು, ಅವರಿಗೆ ಕಂಡಿರಲಿಲ್ಲ. ಇದು ಕಾಚಬಿಂದು, ಅಂದರೆ ಗ್ಲಾಕೋಮಾ.

ಕಣ್ಣಿನ ಒಳಗೆ ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಾ ಇರುತ್ತದೆ, ಹಾಗೆಯೇ ಹೊರಗೆ ಹರಿದು ಹೋಗುತ್ತಾ ಇರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು ಹತ್ತು ಲಕ್ಷ ಎಳೆಗಳಿವೆ. ಆ ಒತ್ತಡಕ್ಕೆ ಅವು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ಬದಿಯ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಒಂದು ಕಣ್ಣಿಗೆ ಕಾಣದಿದ್ದನ್ನು ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ, ಉಳಿದ ಖಾಲಿ ಜಾಗವನ್ನು ಮೆದುಳು ತಾನೇ ತುಂಬಿಬಿಡುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಉರಿಯಿಲ್ಲ, ಪೇಪರ್ ಓದುವುದಕ್ಕೂ ತೊಂದರೆಯಿಲ್ಲ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ (ಪಾದರಸದ ಅಳತೆ) ಒಳಗಿರಬೇಕು ಅನ್ನುತ್ತೇವೆ. ಆದರೆ ಅಷ್ಟರೊಳಗೆ ಇದ್ದವರಿಗೂ ನರ ಹಾಳಾಗುವುದುಂಟು. ಅದಕ್ಕೇ ಒತ್ತಡ ಅಳೆದರೆ ಸಾಲದು, ನರವನ್ನೇ ನೋಡಬೇಕು.

ಒಂದು ಬಗೆಯ ಗ್ಲಾಕೋಮಾ ಮಾತ್ರ ಸದ್ದು ಮಾಡಿಕೊಂಡು ಬರುತ್ತದೆ. ಇದ್ದಕ್ಕಿದ್ದಂತೆ ಕಣ್ಣು ಕೆಂಪು, ತಲೆ ಸಿಡಿಯುವಷ್ಟು ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ಪಿತ್ತ ಕೆದರಿದೆ ಅಂತ ಲಿಂಬೆ ಶರಬತ್ತು ಕುಡಿದು ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಪೊರೆಯ ವಿಷಯ ಇಷ್ಟು ಕಷ್ಟದ್ದಲ್ಲ. ಪಾಪೆಯ ಹಿಂದಿರುವ ಲೆನ್ಸ್ ವಯಸ್ಸಿನ ಜೊತೆ ಮಸುಕಾಗುತ್ತದೆ. ಆವಿ ಹಿಡಿದ ಗಾಜಿನಿಂದ ನೋಡಿದ ಹಾಗೆ ಇಡೀ ನೋಟವೇ ಮಬ್ಬು. ರಾತ್ರಿ ಎದುರಿನಿಂದ ಬರುವ ಲೋಕಲ್ ಟ್ರೈನಿನ ಲೈಟು ಒಡೆದು ಚೆಲ್ಲಿದಂತೆ ಕಾಣುತ್ತದೆ. ಕೆಲವರಿಗೆ ಶುರುವಿನಲ್ಲಿ ಹತ್ತಿರದ್ದು ಕನ್ನಡಕ ಇಲ್ಲದೇ ಕಾಣತೊಡಗುತ್ತದೆ, ಅಜ್ಜಿಯ ಕಣ್ಣು ಮತ್ತೆ ಎಳೆಯದಾಯಿತು ಅಂತ ಮನೆಯವರಿಗೆಲ್ಲ ಖುಷಿ. ಅದು ಪೊರೆ ಗಟ್ಟಿಯಾಗುತ್ತಿರುವ ಗುರುತು, ಸ್ವಲ್ಪ ದಿನ ಅಷ್ಟೇ.

ಊರಿನ ಹಿರಿಯರಿಗೆ ಬೀಳಗಿಯ ಡಾ. ಎಂ.ಸಿ. ಮೋದಿಯವರ ಕಣ್ಣಿನ ಆಪರೇಷನ್ ಶಿಬಿರಗಳು ನೆನಪಿರುತ್ತವೆ. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಕಣ್ಣಿನೊಳಗೇ ಲೆನ್ಸ್ ಕೂರಿಸುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ದರು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜುಮುಚ್ಚಳ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳಿಂದ ಕಣ್ಣು ಕೆರಳಲಿಲ್ಲ ಅನ್ನುವುದನ್ನು ಅವರು ಗಮನಿಸಿದ್ದರು. ಆದರೆ ಅದು ಎಲ್ಲರ ಕೈಗೆಟಕುವುದಕ್ಕೆ ದಶಕಗಳೇ ಬೇಕಾದವು. ಈಗ ಎರಡು ಮೂರು ಮಿಲಿಮೀಟರ್ ಸೀಳಿನಲ್ಲಿ ಕೆಲಸ ಮುಗಿಯುತ್ತದೆ, ಪೊರೆ "ಹಣ್ಣಾಗಲಿ" ಅಂತ ಕಾಯಬೇಕಾಗಿಲ್ಲ. ನಮ್ಮ ಹೋಟೆಲಿನವರಿಗೂ ಯಾರೋ ಹಿಂದೆ ಟಾರ್ಚ್ ಬಿಟ್ಟು ನೋಡಿ, "ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ಬನ್ನಿ" ಅಂತ ಕಳಿಸಿದ್ದರಂತೆ. ಹಿಂದಿನ ನರವನ್ನು ಯಾರೂ ನೋಡಿರಲಿಲ್ಲ. ಆ ಮಾತು ಕೇಳಿದಾಗ ಹೊಟ್ಟೆ ಉರಿಯಿತು.

ಶುಗರ್ ಇರುವವರಿಗೆ ಬೇರೆಯೇ ಕಥೆ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಸಣ್ಣ ರಕ್ತನಾಳಗಳು ಸೋರುತ್ತವೆ, ಒಡೆಯುತ್ತವೆ. ಆಗಲೂ ಎಷ್ಟೋ ಜನರಿಗೆ ನೋಟ 6/6, ಅಂದರೆ ಪೂರ್ತಿ ಸರಿಯಾಗಿ ಇರುತ್ತದೆ. ಅದಕ್ಕೇ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಪೆ ದೊಡ್ಡದು ಮಾಡುವ ಡ್ರಾಪ್ಸ್ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿ. ನಾಲ್ಕೈದು ಗಂಟೆ ಮಂಜು ಇರುತ್ತದೆ, ಅವತ್ತು ಸ್ಕೂಟರ್ ತರಬೇಡಿ.

ವಯಸ್ಸಾದವರಲ್ಲಿ ರೆಟಿನಾದ ನಡುಭಾಗ ಸವೆಯುವ ಕಾಯಿಲೆ ಗ್ಲಾಕೋಮಾಕ್ಕೆ ತದ್ವಿರುದ್ಧ. ಬದಿಯೆಲ್ಲ ಕಾಣುತ್ತದೆ, ಎದುರಿಗಿರುವವರ ಮುಖ ಮಾತ್ರ ಕಾಣುವುದಿಲ್ಲ. ಬಚ್ಚಲಿನ ಟೈಲ್ಸ್ ಗೆರೆಗಳನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಿ. ನೆಟ್ಟಗಿರುವ ಗೆರೆ ಸೊಟ್ಟ ಕಂಡರೆ ಆ ವಾರವೇ ಬನ್ನಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕಣ್ಣು ಕೆಂಪಾಯಿತು ಅಂತ ಮೆಡಿಕಲ್‌ನಲ್ಲಿ ಕೇಳಿ ತಂದ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಪೊರೆಯೂ ಬರಬಹುದು, ಗ್ಲಾಕೋಮಾವೂ ಬರಬಹುದು, ಅದೂ ಚಿಕ್ಕ ವಯಸ್ಸಿನಲ್ಲೇ.

ಗ್ಲಾಕೋಮಾ ಮನೆತನದಲ್ಲಿ ಹರಿಯುವುದರಿಂದ ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಅಂತ ಹೋಟೆಲಿನವರಿಗೆ ಹೇಳಿದ್ದೆ. ಊರಿನಲ್ಲಿದ್ದ ತಮ್ಮನನ್ನು ಕರೆಸಿಕೊಂಡರು. ಒಂದು ಕಣ್ಣಿನಲ್ಲಿ ಶುರುವಿನ ಗುರುತು ಸಿಕ್ಕಿತು, ನೋಟ ಇನ್ನೂ ಪೂರ್ತಿ ಇದೆ. ಈಗ ದಿನಾ ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಅಣ್ಣ ಊರಿಗೆ ಫೋನ್ ಮಾಡುತ್ತಾರೆ. "ಡ್ರಾಪ್ಸ್ ಹಾಕಿದ್ಯಾ?" ಅಂತ ಕೇಳಿ, ಆಮೇಲೆ ತಾವೂ ಹಾಕಿಕೊಳ್ಳುತ್ತಾರೆ.