ಕಾಳು ಉಸಿರಾಡುತ್ತದೆ, ಕಣಜದ ತಲೆನೋವೇ ಅದು

ಹಗೇವಿನ, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿಯ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು ಎಂಬುದನ್ನು ಬಯಲುಸೀಮೆಯ ರೈತರಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ. ಮೇಲಿನ ಮಣ್ಣು ಕೆದಕಿ, ಚಪ್ಪಡಿ ಸರಿಸಿ, ಬಹಳ ಹೊತ್ತು ಗಾಳಿಯಾಡಲು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಅವಸರಪಟ್ಟು ಇಳಿದವರು, ಅವರನ್ನು ಎತ್ತಲೆಂದು ಹಿಂದೆಯೇ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಒಳಗಿದ್ದದ್ದು ವಿಷವಲ್ಲ, ಮನೆಮಂದಿ ಉಣ್ಣುವ ರಾಗಿ ಅಥವಾ ಜೋಳ. ಅದು ಮನುಷ್ಯನನ್ನು ಕೊಲ್ಲುವುದು ಹೇಗೆ?

ಕಾಳು ಉಸಿರಾಡುತ್ತದೆ. ಕಣದಿಂದ ಮನೆಗೆ ಬಂದ ಮೇಲೂ ಅದು ಜೀವಂತವಾಗಿಯೇ ಇರುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷ ಬಿತ್ತಿದಾಗ ಮೊಳೆಯುವುದಾದರೂ ಹೇಗೆ? ಬದುಕಿರಲು ಅದು ತನ್ನೊಳಗಿನ ಪಿಷ್ಟವನ್ನು ನಿಧಾನವಾಗಿ ಉರಿಸುತ್ತದೆ, ಆಮ್ಲಜನಕವನ್ನು ಒಳಗೆಳೆದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುತ್ತದೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ 108 ಗ್ರಾಂ ನೀರು ಹುಟ್ಟುತ್ತದೆ. ಚೆನ್ನಾಗಿ ಒಣಗಿದ ಕಾಳಿನಲ್ಲಿ ಈ ಕ್ರಿಯೆ ಇದೆಯೋ ಇಲ್ಲವೋ ಎಂಬಷ್ಟು ಮಂದ. ತೇವ ಶೇ 14 ದಾಟಿತೆಂದರೆ ಕಥೆ ಬದಲಾಗುತ್ತದೆ. ಉಸಿರಾಟ ಜೋರಾಗುತ್ತದೆ, ಅದರಿಂದ ಹುಟ್ಟಿದ ನೀರು ಕಾಳನ್ನು ಮತ್ತಷ್ಟು ತೇವಗೊಳಿಸುತ್ತದೆ, ಬೂಷ್ಟು ಚಿಗುರುತ್ತದೆ, ಬೂಷ್ಟೂ ಉಸಿರಾಡುತ್ತದೆ. ಹಸಿ ಭತ್ತದ ರಾಶಿಯೊಳಗೆ ಕೈ ಹಾಕಿ ಬಿಸಿ ತಾಗಿ ಬೆಚ್ಚಿದವರಿಗೆ ಇದು ಗೊತ್ತು. ಆ ಬಿಸಿ ಬಿಸಿಲಿನದಲ್ಲ, ರಾಶಿ ತನ್ನನ್ನೇ ತಿನ್ನುತ್ತಿರುವುದರ ಬಿಸಿ.

ಹಾಗಾಗಿ ಧಾನ್ಯ ಕಾಪಿಡುವುದೆಂದರೆ ಮೂಲತಃ ಉಸಿರಿನ ಲೆಕ್ಕ. ಮನುಷ್ಯ ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾನೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಒಂದು, ಗಾಳಿಯನ್ನು ಧಾರಾಳವಾಗಿ ಬಿಟ್ಟು ತೇವವನ್ನೂ ಬಿಸಿಯನ್ನೂ ಹೊರಗೆ ಸಾಗಿಸುವುದು. ಇನ್ನೊಂದು, ಗಾಳಿಯ ಕತ್ತನ್ನೇ ಹಿಸುಕುವುದು.

ಹಗೇವು ಎರಡನೆಯ ಪಂಥದ್ದು. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿ ಗರಸು ನೆಲದಲ್ಲಿ, ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ, ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲಿನ ಗೋಡೆಗೂ ಒಣಹುಲ್ಲು. ಕಾಳನ್ನು ಕತ್ತಿನವರೆಗೂ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ಮುಗಿಯಿತು. ಒಳಗೆ ಉಳಿದ ಅಲ್ಪ ಗಾಳಿಯನ್ನು ಕಾಳು, ಬೂಷ್ಟು, ಹುಳು ಎಲ್ಲವೂ ಸೇರಿ ಉಸಿರಾಡಿ ಮುಗಿಸುತ್ತವೆ. ಶೇ 21ರಷ್ಟಿದ್ದ ಆಮ್ಲಜನಕ ತಳ ಕಾಣುತ್ತದೆ, ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಾಯಿ ತೆರೆದರೂ ಮೇಲೇಳದೆ ತಳದಲ್ಲೇ ಕೂತಿರುತ್ತದೆ. ಇಳಿದವರನ್ನು ಕೊಲ್ಲುತ್ತಿದ್ದದ್ದು ಇದೇ. ದೀಪದ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು: ದೀಪ ಆರಿದರೆ ಅಪಾಯ ಖಂಡಿತ, ಆದರೆ ಆರದಿದ್ದರೆ ಕ್ಷೇಮ ಖಂಡಿತವಲ್ಲ. ಮನುಷ್ಯನ ಪ್ರಜ್ಞೆ ತಪ್ಪಿಸುವಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲೂ ಬತ್ತಿ ಉರಿಯಬಲ್ಲದು. ಹಳೆಯ ಗುಂಡಿಗಳು ಇನ್ನೂ ಅಲ್ಲಲ್ಲಿ ಉಳಿದಿರುವ ಊರುಗಳಲ್ಲಿ ಇದು ನೆನಪಿರಲಿ.

ಇದು ನಮ್ಮಲ್ಲಿ ಮಾತ್ರ ಇದ್ದ ಜಾಣತನವಲ್ಲ. ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ವಿದ್ವಾಂಸ ವಾರ್ರೊ, ನೆಲದಡಿಯ ಗುಂಡಿಗಳಲ್ಲಿ ಗೋಧಿ 50 ವರ್ಷವೂ ಸಿರಿಧಾನ್ಯ 100ಕ್ಕೂ ಹೆಚ್ಚು ವರ್ಷವೂ ಉಳಿಯುತ್ತದೆಂದು ಬರೆದಿದ್ದಾನೆ. ಸಂಖ್ಯೆಗಳನ್ನು ಹಾಗೆಯೇ ನಂಬಬೇಕಿಲ್ಲ, ಆದರೆ ಸಿರಿಧಾನ್ಯ ಗೋಧಿಗಿಂತ ಬಹುಕಾಲ ಬಾಳುತ್ತದೆ ಎಂಬುದನ್ನು ಅವನು ಸರಿಯಾಗಿಯೇ ಗುರುತಿಸಿದ್ದ. ಗುಂಡಿ ತೆರೆದ ಕೂಡಲೇ ಇಳಿಯಬೇಡಿ, ಉಸಿರುಗಟ್ಟಿ ಸತ್ತವರಿದ್ದಾರೆ ಎಂದೂ ಎಚ್ಚರಿಸಿದ್ದ. ಸಾವಿರಾರು ಮೈಲಿ ದೂರದ ಎರಡು ಊರುಗಳ ರೈತರು ಒಂದೇ ಗುಂಡಿ ತೋಡಿ ಒಂದೇ ಅಪಾಯ ಕಂಡಿದ್ದರು.

ಇಂಗ್ಲೆಂಡಿನ ಕಬ್ಬಿಣ ಯುಗದ ನೆಲೆಗಳಲ್ಲಿ ಇಂಥ ಗುಂಡಿಗಳು ರಾಶಿ ರಾಶಿ ಸಿಕ್ಕಿವೆ. ಡೇನ್‌ಬರಿ ಎಂಬ ಒಂದೇ ಬೆಟ್ಟದ ಕೋಟೆಯಲ್ಲಿ ಸಾವಿರಗಟ್ಟಲೆ. ಮೊದಮೊದಲು ಅಲ್ಲಿನ ವಿದ್ವಾಂಸರು ಇವನ್ನು ಜನ ವಾಸವಿದ್ದ ಗುಂಡಿಮನೆಗಳೆಂದು ತಿಳಿದಿದ್ದರು! ಮಳೆಯ ದೇಶದಲ್ಲಿ ಯಾರಾದರೂ ತೇವದ ನೆಲದೊಳಗೆ ಕಾಳು ಇಡುತ್ತಾರೆಯೇ ಎಂಬ ಅನುಮಾನ ಬೇರೆ. 1970ರ ದಶಕದಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ತ್ವಜ್ಞ ಬಟ್ಸರ್ ಎಂಬಲ್ಲಿ ಪ್ರಾಚೀನ ಮಾದರಿಯ ಹೊಲವನ್ನೇ ಕಟ್ಟಿ, ಅಂಥ ಗುಂಡಿ ತೋಡಿ, ಕಾಳು ತುಂಬಿ, ಜೇಡಿಮಣ್ಣಿನಿಂದ ಮುಚ್ಚಿ ನೋಡಿದರು. ಒದ್ದೆ ಗೋಡೆಗೆ ತಾಗಿದ ಕಾಳು ಮೊಳಕೆಯೊಡೆಯಿತು. ಮೊಳಕೆಗೆ ಆಮ್ಲಜನಕ ವಿಪರೀತ ಬೇಕು, ಇದ್ದದ್ದನ್ನೆಲ್ಲ ಅದು ಹೀರಿತು, ಹೀರಿ ಮುಗಿಸಿದ ಮೇಲೆ ತಾನೂ ನಿಂತುಹೋಯಿತು. ಅಂಚಿನ ಒಂದು ತೆಳು ಪದರ ಕೆಟ್ಟು ಒಳಗಿನ ರಾಶಿಯನ್ನು ಉಳಿಸಿತ್ತು. ಚಳಿಗಾಲ ಕಳೆದು ತೆರೆದಾಗ ಒಳಗಿನ ಕಾಳು ಬಿತ್ತನೆಗೂ ಯೋಗ್ಯವಾಗಿತ್ತು.

ಇನ್ನು ಹುಳುಗಳ ಪಾಡು. ಗಾಳಿಯಿಲ್ಲದೆ ಉಸಿರುಗಟ್ಟಿ ಸಾಯುತ್ತವೆ, ಅಷ್ಟೇ ತಾನೇ ಎಂದು ಬಹುಕಾಲ ಎಲ್ಲರೂ ಅಂದುಕೊಂಡಿದ್ದರು. ವಿಷಯ ಅದಕ್ಕಿಂತ ಸ್ವಾರಸ್ಯದ್ದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ 1980ರ ದಶಕದ ಕೊನೆಯಲ್ಲಿ ಕ್ಯಾಮರೂನಿನ ರೈತರ ಅಲಸಂದೆಯನ್ನು ಕಾಳು ಕೊರೆಯುವ ಕುಟ್ಟೆ ಹುಳುವಿನಿಂದ ಕಾಪಾಡಲು ಮೂರು ಪದರದ ಚೀಲ ರೂಪಿಸಿದರು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದ ಚೀಲ, ಬಾಯಿ ಬಿಗಿಯಾಗಿ ಕಟ್ಟಿದರಾಯಿತು. ಔಷಧವಿಲ್ಲ, ಮಾತ್ರೆಯಿಲ್ಲ. ಹೆಗಲ ಮೇಲೆ ಹೊತ್ತೊಯ್ಯಬಹುದಾದ ಹಗೇವು ಎನ್ನೋಣ. ಒಳಗೆ ಸಿಕ್ಕಿಬಿದ್ದ ಹುಳು ಹೇಗೆ ಸಾಯುತ್ತದೆಂದು ಅವರ ತಂಡ ನೋಡಿದಾಗ ಕಂಡದ್ದು ಬಾಯಾರಿಕೆ.

ಒಣಕಾಳಿನಲ್ಲಿ ಹುಳುವಿಗೆ ಸಾಲುವಷ್ಟು ನೀರಿಲ್ಲ, ಸುತ್ತಲೂ ಇಲ್ಲ. ಕುಟ್ಟೆಯ ಮರಿಹುಳು ತನಗೆ ಬೇಕಾದ ನೀರನ್ನು ತಾನೇ ತಯಾರಿಸಿಕೊಳ್ಳುತ್ತದೆ, ಪಿಷ್ಟವನ್ನು ಆಮ್ಲಜನಕದಲ್ಲಿ ಉರಿಸಿ. ಮೇಲೆ ಹೇಳಿದ 108 ಗ್ರಾಮಿನ ಲೆಕ್ಕ ಇಲ್ಲಿ ಅದರ ಪಾಲಿಗೆ ಬಾವಿ. ಆಮ್ಲಜನಕ ಶೇ 3ರ ಕೆಳಗಿಳಿದರೆ ಆ ಬಾವಿ ಬತ್ತುತ್ತದೆ. ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ಮೈಯ ನೀರು ಆರುತ್ತಾ ಹೋಗಿ ಒಣಗಿ ಸಾಯುತ್ತದೆ. ಹುಳು ಹೆಚ್ಚಿದ್ದಷ್ಟೂ ಆಮ್ಲಜನಕ ಬೇಗ ಮುಗಿಯುತ್ತದೆ ಎಂಬುದು ಇದರಲ್ಲಿನ ಕ್ರೂರ ತಮಾಷೆ.

ನಮ್ಮ ಅಜ್ಜಿಯರು ಕಾಳಿಗೆ ಬೂದಿ ಬೆರೆಸಿಡುತ್ತಿದ್ದದ್ದು, ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದದ್ದು ಬೇರೆ ಬಾಗಿಲಿನಿಂದ ಇದೇ ಜಾಗಕ್ಕೆ ಬರುತ್ತದೆ. ಕೀಟದ ಚರ್ಮದ ಮೇಲೆ ಮೇಣದ ಅತಿ ತೆಳು ಲೇಪವಿದೆ, ಅದೇ ಅದರ ಮೈನೀರಿಗೆ ಕಾವಲು. ನವಿರಾದ ಬೂದಿ, ಮಣ್ಣಿನ ಹುಡಿ ಆ ಮೇಣವನ್ನು ಉಜ್ಜಿ ತೆಗೆಯುತ್ತವೆ, ಹೀರಿಕೊಳ್ಳುತ್ತವೆ. ಪುಟ್ಟ ದೇಹ, ಗಾತ್ರಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡದು, ನೀರು ಬೇಗ ಆವಿಯಾಗುತ್ತದೆ. ಹಗೇವು ನೀರು ಹುಟ್ಟದಂತೆ ಮಾಡಿದರೆ ಬೂದಿ ಇದ್ದ ನೀರು ನಿಲ್ಲದಂತೆ ಮಾಡುತ್ತದೆ. ಎರಡರಲ್ಲೂ ಹುಳು ಸಾಯುವುದು ನೀರಿಲ್ಲದೆ.

ಹರಳೆಣ್ಣೆಯ ದಾರಿ ಮಾತ್ರ ಬೇರೆ. ಕಾಳಿನ ಕುಟ್ಟೆ ತನ್ನ ಮೊಟ್ಟೆಯನ್ನು ಹೆಸರು, ಅಲಸಂದೆ, ಕಡಲೆಯ ನುಣುಪು ಮೈಗೆ ಅಂಟಿಸುತ್ತದೆ. ಬರಿಗಣ್ಣಿಗೇ ಕಾಣುವ ಬಿಳಿ ಚುಕ್ಕೆಗಳು ಅವು. ಎಣ್ಣೆ ಸವರಿದ ಕಾಳಿಗೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದ ಮೊಟ್ಟೆಗೆ ಉಸಿರಾಟವಿಲ್ಲ. ಅಕ್ಕಿ, ಗೋಧಿ, ಜೋಳ ಕೊರೆಯುವ ಸೊಂಡಿಲಿನ ನುಸಿಗೆ ಈ ಉಪಾಯ ಅಷ್ಟಾಗಿ ನಾಟದು. ಅದು ಕಾಳಿಗೇ ತೂತು ಕೊರೆದು, ಒಳಗೆ ಒಂದು ಮೊಟ್ಟೆಯಿಟ್ಟು, ತೂತನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಬೆಳೆದು, ಸುಮಾರು ಒಂದು ತಿಂಗಳ ಬಳಿಕ ರೆಕ್ಕೆ ಬಲಿತ ಹುಳುವಾಗಿ ಹೊರಬರುತ್ತದೆ. ನಿನ್ನೆ ಸ್ವಚ್ಛವಾಗಿದ್ದ ಡಬ್ಬಿಯಲ್ಲಿ ಇಂದು ಹುಳು ಎಲ್ಲಿಂದ ಬಂತು ಎಂಬ ಅಡುಗೆಮನೆಯ ನಿತ್ಯದ ಅಚ್ಚರಿಗೆ ಉತ್ತರ ಇದೇ. ಹೊರಗಿನಿಂದ ಬರಲಿಲ್ಲ, ಅಕ್ಕಿಯ ಜೊತೆಗೇ ಮನೆಗೆ ಬಂದಿತ್ತು.

ರಾಗಿ ಈ ನುಸಿಯಿಂದ ಪಾರಾಗುವುದು ತನ್ನ ಕಿರಿತನದಿಂದ. ನುಸಿಯ ಉದ್ದ 2ರಿಂದ 3 ಮಿಲಿಮೀಟರ್, ರಾಗಿಯ ಕಾಳು ಹೆಚ್ಚೆಂದರೆ 2 ಮಿಲಿಮೀಟರ್. ಒಂದು ಮರಿ ಪೂರ್ತಿ ಬೆಳೆಯಲು ಬೇಕಾದ ಜಾಗವೂ ಇಲ್ಲ, ಆಹಾರವೂ ಇಲ್ಲ. ವಾರ್ರೊ ಹೇಳಿದ ಸಿರಿಧಾನ್ಯದ ದೀರ್ಘಾಯುಸ್ಸಿಗೆ ಇದೇ ದೊಡ್ಡ ಕಾರಣ. ಬರಗಾಲದ ನಾಡಿನಲ್ಲಿ ರಾಗಿ ಆಪತ್ಕಾಲದ ಬಂಧುವಾದದ್ದು ಬರಿಯ ಮಳೆ ಕಡಿಮೆ ಸಾಕೆಂಬುದಕ್ಕಲ್ಲ, ಒಂದು ಒಳ್ಳೆಯ ವರ್ಷದ ಬೆಳೆಯನ್ನು ಹಲವು ಕೆಟ್ಟ ವರ್ಷಗಳಾಚೆಗೆ ಸಾಗಿಸಬಲ್ಲದು ಎಂಬುದಕ್ಕೆ.

ಇಷ್ಟೆಲ್ಲ ಹೇಳಿದರೂ ಹಗೇವನ್ನು ಮಂಗಳೂರಿಗೆ ಒಯ್ಯಲಾಗದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿಯಲ್ಲಿ ಗುಂಡಿ ತೋಡಿದರೆ ಸಿಗುವುದು ಬಾವಿ. ಅಲ್ಲಿ ನಡೆದದ್ದು ಮೊದಲನೆಯ ಪಂಥ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಬಡಿದು ಉರುಟು ಮಾಡಿದ ಮುಡಿಗಳನ್ನು ಅಟ್ಟದ ಮೇಲೆ ಇಡುತ್ತಿದ್ದರು. ಹುಲ್ಲು ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಒಲೆಯ ಹೊಗೆಯೂ ಶಾಖವೂ ಅಟ್ಟಕ್ಕೇರುತ್ತವೆ. ಅಲ್ಲಿನ ಕುಚ್ಚಲಕ್ಕಿಯೂ ಇದಕ್ಕೆ ಒತ್ತಾಸೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟ ಕರಗಿ ಮತ್ತೆ ಗಟ್ಟಿಯಾಗಿ, ಬಿರುಕು ಮುಚ್ಚಿ, ಕಾಳು ನುಸಿಯ ಸೊಂಡಿಲಿಗೆ ಬಲು ಗಡುಸಾಗುತ್ತದೆ.

ಗಾಳಿಯಾಡಿಸುವ ಪಂಥ ಎಷ್ಟು ಹಳೆಯದೆಂದರೆ, ಅದು ಮನುಷ್ಯ ಬೆಳೆಗಳನ್ನು ಪಳಗಿಸಿದ್ದಕ್ಕಿಂತಲೂ ಹಳೆಯದು. ಜೋರ್ಡಾನಿನ ಧ್ರಾ ಎಂಬಲ್ಲಿ ಸುಮಾರು 11,300 ವರ್ಷ ಹಿಂದಿನ ಕಣಜಗಳು ಸಿಕ್ಕಿವೆ. ಅವುಗಳ ನೆಲಗಟ್ಟನ್ನು ಕಲ್ಲುಗಳ ಮೇಲೆ ಎತ್ತಿ ಕೂರಿಸಲಾಗಿತ್ತು, ಅಡಿಯಲ್ಲಿ ಗಾಳಿ ಹರಿಯಲಿ, ಇಲಿ ಬಾರದಿರಲಿ ಎಂದು. ಅದರಲ್ಲಿಟ್ಟದ್ದು ಇನ್ನೂ ಪಳಗಿಸದ ಕಾಡು ಬಾರ್ಲಿ. ಬೆಳೆ ಪಳಗಿಸಿದ ಮೇಲೆ ಕೂಡಿಡಲು ಕಲಿತರೆಂದು ನಾವು ಭಾವಿಸುತ್ತೇವೆ, ಅಲ್ಲಿ ನಡೆದದ್ದು ತಿರುಗುಮುರುಗು.

ಅನಾಹುತವಾಗುವುದು ಈ ಎರಡು ದಾರಿಗಳ ನಡುವೆ ಸಿಕ್ಕಿಬಿದ್ದಾಗ. ಬಯಲಲ್ಲಿ ನಿಂತ ತಗಡಿನ ಕಣಜವನ್ನು ನೋಡಿ. ರಾತ್ರಿ ತಗಡು ತಣ್ಣಗಾಗುತ್ತದೆ, ನಡುವಿನ ಕಾಳು ಬೆಚ್ಚಗೇ ಇರುತ್ತದೆ. ಬೆಚ್ಚನೆಯ ಗಾಳಿ ತೇವವನ್ನು ಹೊತ್ತು ಮೇಲೇರಿ, ತಣ್ಣನೆಯ ಮಾಡಿಗೆ ತಾಗಿ ಹನಿಯಾಗಿ ಕಾಳಿನ ಮೇಲೇ ತೊಟ್ಟಿಕ್ಕುತ್ತದೆ. ಒಣಗಿಸಿಯೇ ತುಂಬಿದ್ದೆವಲ್ಲ, ಮೇಲ್ಪದರ ಕೊಳೆತದ್ದು ಹೇಗೆ ಎಂದು ಕೇಳಿದರೆ ಕಾರಣ ಇದು. ದೊಡ್ಡ ಕಣಜಗಳಿಗೆ ಫ್ಯಾನು ಹಾಕಿ ಗಾಳಿ ಊದುವುದು ಇದನ್ನು ತಪ್ಪಿಸಲೆಂದೇ. ಕೆಲವು ಮೀಟರ್ ಆಳದ ಮಣ್ಣಿಗೆ ಹಗಲು ರಾತ್ರಿಯ ಭೇದ ತಿಳಿಯದು, ಹಾಗಾಗಿ ಹಗೇವಿನಲ್ಲಿ ಈ ತಾಪತ್ರಯವೇ ಇರಲಿಲ್ಲ. ಗೋದಾಮುಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳ ಕಥೆಯೂ ಅರೆಬರೆಯದೇ. ಗಾಳಿಯ ತೇವ ತಾಗಿ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಹಲವು ದಿನ ಬಿಗಿಯಾಗಿ ಮುಚ್ಚಿದ್ದರೆ ಮೊಟ್ಟೆಯಿಂದ ಹಿಡಿದು ಎಲ್ಲ ಸಾಯುತ್ತವೆ. ಸಂದಿಯಿಂದ ಸೋರಿದರೆ ಗಟ್ಟಿಮುಟ್ಟಾದವು ಬದುಕುಳಿದು ಮರಿಮಾಡುತ್ತವೆ. ಭಾರತವೂ ಸೇರಿ ಹಲವು ದೇಶಗಳಲ್ಲಿ ಫಾಸ್ಫೀನಿಗೆ ಜಗ್ಗದ ಕೀಟಗಳು ಹುಟ್ಟಿಕೊಂಡದ್ದು ಹೀಗೆ. ಮನೆಮಂದಿ ಇರುವ ಕೋಣೆಯಲ್ಲಿ ಆ ಮಾತ್ರೆ ಇಡುವುದಂತೂ ಜೀವಕ್ಕೇ ಸಂಚಕಾರ.

ಉಣ್ಣುವ ಕಾಳು ಬೇರೆ, ಬಿತ್ತುವ ಕಾಳು ಬೇರೆ. ಬಿತ್ತನೆಯದನ್ನು ನಮ್ಮವರು ಹೆಚ್ಚಾಗಿ ಹಗೇವಿಗೆ ಹಾಕದೆ ಸೋರೆಬುರುಡೆಯಲ್ಲಿ ಬೂದಿಯೊಡನೆ ತುಂಬಿ ಒಲೆಯ ಮೇಲ್ಗಡೆ ತೂಗುಹಾಕುತ್ತಿದ್ದರು. ಬೀಜದ ತೇವ ಶೇ 1ರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿ, ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೊಂದು ಇಮ್ಮಡಿ ಎಂಬುದು ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಸ್ಥೂಲ ಸೂತ್ರ. ಶೇ 14ರಿಂದ 9ಕ್ಕೆ ಒಣಗಿಸಿದರೆ ಬೇರೇನೂ ಮಾಡದೆ 32 ಪಟ್ಟು! ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಬೀಜಗಳ ಉಗ್ರಾಣ ಈ ಸೂತ್ರದ ಎರಡೂ ತುದಿಗಳನ್ನು ಎಳೆದು ಹಿಡಿದಿದೆ: ಚೆನ್ನಾಗಿ ಒಣಗಿಸಿದ ಬೀಜ, ಮೈನಸ್ 18 ಡಿಗ್ರಿ. ಸಿರಿಯಾದ ಅಲೆಪ್ಪೊ ಬಳಿಯ ಬೀಜಭಂಡಾರ ಯುದ್ಧದಿಂದ ಕೈತಪ್ಪಿದಾಗ, 2015ರಲ್ಲಿ ಸ್ವಾಲ್‌ಬಾರ್ಡಿನಿಂದ ಮೊದಲ ಬಾರಿ ಬೀಜ ವಾಪಸು ಪಡೆದು ಬಿತ್ತಿದರು. ಆದರೆ ದಾಖಲೆ ಇರುವುದು ಅಳಿಲುಗಳ ಹೆಸರಿನಲ್ಲಿ. ಸೈಬೀರಿಯಾದ ಕೊಲಿಮಾ ನದಿಯ ದಂಡೆಯಲ್ಲಿ, ಹೆಪ್ಪುಗಟ್ಟಿದ ನೆಲದೊಳಗಿನ ನೆಲಅಳಿಲುಗಳ ಬಿಲದಲ್ಲಿ ಸುಮಾರು 32,000 ವರ್ಷ ಹಳೆಯ ಕಾಯಿಗಳು ಸಿಕ್ಕವು. ರಷ್ಯಾದ ವಿಜ್ಞಾನಿಗಳು 2012ರಲ್ಲಿ ಅವುಗಳ ಅಂಗಾಂಶದಿಂದ ಗಿಡ ಬೆಳೆಸಿದರು, ಗಿಡ ಬಿಳಿ ಹೂ ಬಿಟ್ಟಿತು. ಬಿಲದೊಳಗೆ ಅಳಿಲುಗಳು ಒಣಹುಲ್ಲನ್ನೂ ಹಾಸಿದ್ದವು.

ಅಡುಗೆಮನೆಗೆ ಇದರಿಂದ ಸಿಗುವ ಲಾಭ ಒಂದೆರಡಿದೆ. ರವೆ, ಹಿಟ್ಟು, ಸ್ವಲ್ಪವೇ ಇರುವ ಬೇಳೆಯನ್ನು ಫ್ರೀಜರಿನಲ್ಲಿ ನಾಲ್ಕೈದು ದಿನ ಇಟ್ಟು ತೆಗೆದರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಮುಚ್ಚಳ ತೆಗೆಯಬಾರದು, ತೆಗೆದರೆ ತಣ್ಣನೆಯ ಹಿಟ್ಟಿನ ಮೇಲೆ ಗಾಳಿಯ ತೇವ ಕೂರುತ್ತದೆ. ಬಿಗಿ ಮುಚ್ಚಳದ ದೊಡ್ಡ ಡಬ್ಬಿ ಅರ್ಧ ಖಾಲಿಯಾಗಿದ್ದರೆ ಹುಳುವಿಗೆ ವಾರಗಟ್ಟಲೆ ಸಾಲುವಷ್ಟು ಆಮ್ಲಜನಕ ಅಲ್ಲೇ ಇರುತ್ತದೆ. ಅದೇ ಅಕ್ಕಿಯನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಕಂಠಪೂರ್ತಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯುವುದು ಒಳ್ಳೆಯದು.