ನರ್ಸರಿಯ ಕ್ರಿಸ್‌ಮಸ್ ಗಿಡ ಫರ್ ಅಲ್ಲ

ಡಿಸೆಂಬರ್ ಹತ್ತಿರವಾದಂತೆ ಮೈಸೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡ ಕೇಳುವವರು ಹೆಚ್ಚುತ್ತಾರೆ. ಚಳಿ ಪ್ರದೇಶದ ಮರವಾದ ಫರ್ ಎಂದು ಹೇಳಿ ಕೊಟ್ಟರೂ ಕುಂಡದಲ್ಲಿರುವುದು ಸಾಮಾನ್ಯವಾಗಿ ಅರಾಕೇರಿಯ ಎಂಬ ಬೇರೆಯೇ ಗಿಡ. ನಮ್ಮ ದೇಶದ ಫರ್ ಹಿಮಾಲಯದ್ದು. ಅಬೀಸ್ ಪಿಂಡ್ರೋ ಎಂಬ ಜಾತಿ ಹೆಚ್ಚಾಗಿ 2,000 ಮೀಟರಿಗಿಂತ ಮೇಲೆ ಬೆಳೆಯುತ್ತದೆ. ಮೈಸೂರಿನ ಎತ್ತರ ಸುಮಾರು 760 ಮೀಟರ್.

ಗುರುತಿಸಲು ಒಂದು ಎಲೆ ಕಿತ್ತು ನೋಡಿ. ಫರ್ ಎಲೆ ಚಪ್ಪಟೆ, ಒಂಟಿ. ಕಿತ್ತ ಜಾಗದಲ್ಲಿ ನುಣುಪಾದ ದುಂಡು ಕಲೆ ಉಳಿಯುತ್ತದೆ. ಫರ್‌ನಂತೆಯೇ ಕಾಣುವ ಸ್ಪ್ರೂಸ್ ಮರದಲ್ಲಿ ಸಣ್ಣ ಮೊಳೆಯಂಥದ್ದು ಉಳಿದು ಕಡ್ಡಿ ಒರಟಾಗಿರುತ್ತದೆ. ಪೈನ್ ಎಲೆಗಳು ಗೊಂಚಲು, ಚೀರ್ ಪೈನಾದರೆ ಮೂರು ಮೂರು. ಅರಾಕೇರಿಯದಲ್ಲಿ ಎಲೆ ಒಂದೊಂದಾಗಿ ಉದುರುವುದೇ ಇಲ್ಲ, ಒಣಗಿದ ಕಿರುಕೊಂಬೆಯೇ ಬೀಳುತ್ತದೆ. ಇನ್ನು ಫರ್ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತು, ಬಲಿತ ಮೇಲೆ ಮರದಲ್ಲೇ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಹಾಗಾಗಿ ಶಿಮ್ಲಾ ಪ್ರವಾಸದಲ್ಲಿ ನೆಲದಿಂದ ಹೆಕ್ಕಿ ತಂದ ಇಡೀ ಕಾಯಿ ಬಹುಮಟ್ಟಿಗೆ ಫರ್‌ನದ್ದಲ್ಲ.

ಆನ್‌ಲೈನ್‌ನಲ್ಲಿ ಫರ್ ಬೀಜ ತರಿಸುವವರಿದ್ದಾರೆ. ಒದ್ದೆ ಮರಳಿನಲ್ಲಿ ಬೆರೆಸಿ ಮೂರು–ನಾಲ್ಕು ವಾರ ಫ್ರಿಜ್‌ನಲ್ಲಿಟ್ಟರೆ ಮೊಳೆತೀತು. ಆದರೆ ಬೀಜಕ್ಕೆ ಕೊಟ್ಟ ಚಳಿಯನ್ನು ಗಿಡಕ್ಕೆ ವರ್ಷ ವರ್ಷ ಕೊಡುವುದು ಹೇಗೆ? ಚಳಿಗಾಲದ ವಿಶ್ರಾಂತಿಯಿಲ್ಲದೆ, ಏಪ್ರಿಲ್‌ನ 35 ಡಿಗ್ರಿ ಬಿಸಿಲಿಗೆ ಸಸಿ ಸೊರಗುತ್ತದೆ. ದುಡ್ಡು ದಂಡ.

ಅರಾಕೇರಿಯ ಹಾಗಲ್ಲ, ಇಲ್ಲಿ ಚೆನ್ನಾಗಿಯೇ ಬರುತ್ತದೆ. 12 ಇಂಚಿನ ಕುಂಡಕ್ಕೆ ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ನೀರು ನಿಂತರೆ ಬೇರು ಕೊಳೆಯುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ ನೆಡುವುದಾದರೆ ಗುಂಡಿಗಿಂತ ಒಂದೂವರೆ ಅಡಿ ದಿಬ್ಬವೇ ಮೇಲು. ಒಳಮನೆಯ ಕತ್ತಲಲ್ಲಿಟ್ಟರೆ ಕೆಳಗಿನ ಕೊಂಬೆಗಳು ಕಂದಾಗಿ ಒಣಗುತ್ತವೆ, ಹೋದ ಕೊಂಬೆ ಮತ್ತೆ ಚಿಗುರದು. ತುದಿಯನ್ನಂತೂ ಚಿವುಟಬೇಡಿ, ಆಕಾರ ಕೆಟ್ಟರೆ ಕೆಟ್ಟಂತೆ. ಕಡ್ಡಿ ನೆಡುವವರಿಗೂ ಇದೇ ತೊಡಕು: ಪಕ್ಕದ ಕೊಂಬೆಯ ಕಡ್ಡಿ ಬೇರು ಬಿಟ್ಟರೂ ಅಡ್ಡಡ್ಡವಾಗಿಯೇ ಬೆಳೆಯುತ್ತದೆ.

ನೆಲಕ್ಕಿಳಿಸುವ ಮುನ್ನ ಜಾತಿ ಕೇಳಿ. ಅರಾಕೇರಿಯದಲ್ಲಿ ನಾರ್ಫೋಕ್ ದ್ವೀಪದ ಹೆಟೆರೊಫಿಲ್ಲ ಎಂಬ ಜಾತಿ ನೇರ ಬೆಳೆಯುತ್ತದೆ. ಅದೇ ಹೆಸರಿನಲ್ಲಿ ಮಾರಾಟವಾಗುವ ನ್ಯೂ ಕ್ಯಾಲೆಡೋನಿಯದ ಕುಕ್ ಪೈನ್ (ಪೈನ್ ಎಂದರೂ ಇದು ಅರಾಕೇರಿಯವೇ) ಭೂಮಧ್ಯರೇಖೆಯ ಕಡೆಗೆ, ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ ವಾಲುತ್ತದೆ. ಗೂಟ ಕೊಟ್ಟು ಫಲವಿಲ್ಲ. ಮನೆಯಿಂದ 20 ಅಡಿಯಾದರೂ ದೂರ ನೆಡಿ. ಕುಕ್ ಪೈನಾದರೆ ದಕ್ಷಿಣ ದಿಕ್ಕಿನಲ್ಲಿ ಕರೆಂಟ್ ತಂತಿ ಇಲ್ಲದ ಜಾಗ ನೋಡಿ.