ಸ್ವತಂತ್ರ ತಂತ್ರಾಂಶದ ಹೊಟ್ಟೆಪಾಡು: ಟೇಪಿನಿಂದ ಮಾಸಿಕ ದೇಣಿಗೆಯವರೆಗೆ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶವನ್ನು ಬರೀ ಉಚಿತ ತಂತ್ರಾಂಶ ಎಂದು ಭಾವಿಸುವವರೇ ಹೆಚ್ಚು; ಆದರೆ ಹಣದ ವಿಷಯದಲ್ಲಿ ಈ ಚಳವಳಿಗೆ ಮೊದಲಿನಿಂದಲೂ ಮಡಿವಂತಿಕೆ ಇರಲಿಲ್ಲ. 1984ರ ಜನವರಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ಕಂಪ್ಯೂಟರ್ ನಡೆಸುವ ಇಡೀ ವ್ಯವಸ್ಥೆಯನ್ನೇ ಸ್ವತಂತ್ರ ತಂತ್ರಾಂಶವಾಗಿ ಕಟ್ಟುವ ಗ್ನೂ ಯೋಜನೆಯಲ್ಲಿ ತೊಡಗಿದ ರಿಚರ್ಡ್ ಸ್ಟಾಲ್‌ಮನ್, ಮರುವರ್ಷವೇ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದನೆಯ ತಂತ್ರಾಂಶವನ್ನು ಕಾಂತೀಯ ಟೇಪಿಗೆ ತುಂಬಿ ಪ್ರತಿಯೊಂದನ್ನು 150 ಡಾಲರಿಗೆ ಮಾರಿದರು. ಜಾಲದ ಸಂಪರ್ಕವಿದ್ದವರು ಅದನ್ನೇ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಿತ್ತು, ಆದರೆ ಆ ಸಂಪರ್ಕ ಆಗ ಕೆಲವರಿಗಷ್ಟೇ ಇದ್ದುದರಿಂದ ಟೇಪಿಗೆ ಗಿರಾಕಿಗಳು ಸಿಕ್ಕರು. ಅದೇ ವರ್ಷ ಸ್ಥಾಪನೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮುಂದೆ ಈ ಟೇಪಿನ ವ್ಯಾಪಾರವನ್ನು ವಹಿಸಿಕೊಂಡಿತು.

ಜಾಲ ಹರಡಿದಂತೆ ಟೇಪಿಗೆ ಬೆಲೆ ಉಳಿಯಲಾರದು. 1989ರಲ್ಲಿ ಆರಂಭವಾದ ಸಿಗ್ನಸ್ ಸಂಸ್ಥೆ ಪ್ರತಿಯನ್ನು ಬಿಟ್ಟು ದುಡಿಮೆಯನ್ನು ಮಾರಿತು: ಬರೆದ ಸಂಕೇತವನ್ನು ಯಂತ್ರದ ಭಾಷೆಗೆ ತಿರುಗಿಸುವ ಗ್ನೂ ಕಂಪೈಲರನ್ನು ಹೊಸ ಪ್ರೊಸೆಸರುಗಳಿಗೆ ಹೊಂದಿಸಿಕೊಡುವುದು, ದೋಷಗಳನ್ನು ತಿದ್ದಿಕೊಡುವುದು ಅದರ ಕಸುಬಾಯಿತು. ತಂತ್ರಾಂಶ ಕೆಟ್ಟರೆ ನಷ್ಟ ಅನುಭವಿಸುವ ಕಂಪನಿಗಳು ಇರುವಲ್ಲಿ ಈ ದಾರಿ ಚೆನ್ನಾಗಿ ಸಾಗುತ್ತದೆ, ಬೇರೆ ಕಡೆ ಅಷ್ಟಾಗಿ ಅಲ್ಲ.

ಬ್ಲೆಂಡರಿನ ಕಥೆಯೇ ಬೇರೆ. ಮೂರು ಆಯಾಮದ ಚಿತ್ರಗಳನ್ನು ರೂಪಿಸುವ ಈ ತಂತ್ರಾಂಶದ ಹಿಂದಿದ್ದ ಕಂಪನಿ 2002ರಲ್ಲಿ ಮುಚ್ಚಿದಾಗ, ಅದರ ಮೂಲಸಂಕೇತದ, ಅಂದರೆ ತಂತ್ರಾಂಶವನ್ನು ಬರೆದ ಸಾಲುಗಳ, ಹಕ್ಕು ಹೂಡಿಕೆದಾರರ ಕೈಯಲ್ಲೇ ಉಳಿದಿತ್ತು. ಒಂದು ಲಕ್ಷ ಯೂರೋ ಕೊಟ್ಟರೆ ಅದನ್ನು ಬಿಟ್ಟುಕೊಡಲು ಅವರು ಒಪ್ಪಿದ ಮೇಲೆ, ತಂತ್ರಾಂಶದ ಜನಕ ಟೋನ್ ರೂಸೆಂಡಾಲ್ ಬಳಕೆದಾರರ ಮುಂದೆಯೇ ಕೈಚಾಚಿದರು. ಏಳೇ ವಾರಗಳಲ್ಲಿ ಮೊತ್ತ ಕೂಡಿತು. ಅಕ್ಟೋಬರ್ 13ರಂದು ಮೂಲಸಂಕೇತ ಬಳಸಲು, ತಿದ್ದಲು, ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಎಲ್ಲರದಾಯಿತು. ಇದು ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಹುಟ್ಟುವುದಕ್ಕೆ ಏಳು ವರ್ಷ ಮೊದಲಿನ ಮಾತು. ಗುರಿ ಸ್ಪಷ್ಟವಾಗಿತ್ತು, ಮೊತ್ತ ಗೊತ್ತಿತ್ತು, ಕೈಗೆ ಬರುವುದೇನೆಂಬುದೂ ಎದುರಿಗಿತ್ತು. ಇಂಥ ಕೋರಿಕೆಗೆ ಜನ ಓಗೊಡುವುದರಲ್ಲಿ ಆಶ್ಚರ್ಯವಿಲ್ಲ.

ಕಣ್ಣಿಗೆ ಬೀಳದ ಕೆಲಸಕ್ಕೆ ಮಾತ್ರ ಈ ಭಾಗ್ಯವಿಲ್ಲ. ಜಾಲತಾಣಗಳ ಸಂಪರ್ಕವನ್ನು ಗುಪ್ತಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ, ಗುಟ್ಟಿನ ಮಾಹಿತಿ ಸೋರಿಸುವ ದೋಷವಿರುವುದು 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಅಷ್ಟರವರೆಗೆ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಉಳಿದ ಖರ್ಚು ಗುತ್ತಿಗೆ ಕೆಲಸದಿಂದ ತೂಗಬೇಕಿತ್ತು. ಅದನ್ನು ಬಳಸಿಯೇ ವ್ಯಾಪಾರ ನಡೆಸುತ್ತಿದ್ದ ದೈತ್ಯ ಕಂಪನಿಗಳು ಎಚ್ಚೆತ್ತು, ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ ಮೂಲಕ ನಿಧಿ ಒಟ್ಟುಗೂಡಿಸಿದ್ದು ಅದೇ ತಿಂಗಳಲ್ಲಿ. ಸೂರು ಸೋರಿದ ಮೇಲೆ ಹೆಂಚು ಹುಡುಕಿದಂತೆ ಎನ್ನಬೇಕು.

ಈಚೆಗೆ ಹಣ ಕೊಡುವ ದಾರಿಗಳು ಹೆಚ್ಚಿವೆ. ತಂತ್ರಾಂಶ ಬರೆಯುವವರು ಸಂಕೇತ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ 2019ರಲ್ಲಿ ಬಂದ ಗಿಟ್‌ಹಬ್ ಸ್ಪಾನ್ಸರ್ಸ್ ತಿಂಗಳ ದೇಣಿಗೆಯನ್ನು ಸುಲಭಗೊಳಿಸಿತು. 2022ರಲ್ಲಿ ಜರ್ಮನಿ ಸರ್ಕಾರದ ಹಣದಿಂದ ಸಾವರಿನ್ ಟೆಕ್ ಫಂಡ್ ಶುರುವಾಗಿ, ಹೊಸ ಸೌಲಭ್ಯಗಳಿಗಿಂತ ನಿರ್ವಹಣೆಗೇ ಹಣ ಕೊಡತೊಡಗಿತು. ಹಾಗಿದ್ದೂ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ದತ್ತಾಂಶ ಕುಗ್ಗಿಸುವ ತಂತ್ರಾಂಶದಲ್ಲಿ, ಗುಟ್ಟಾಗಿ ಒಳನುಗ್ಗಲು ಇಟ್ಟ ಕಳ್ಳಬಾಗಿಲು ಪತ್ತೆಯಾದಾಗ ತಿಳಿದದ್ದು, ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಹರಡಿರುವ ಅದನ್ನು ವರ್ಷಗಟ್ಟಲೆ ಬಿಡುವಿನ ವೇಳೆಯಲ್ಲಿ ನೋಡಿಕೊಂಡು ಬಂದವರು ಒಬ್ಬರೇ ಸ್ವಯಂಸೇವಕರು ಎಂದು. ಕಳ್ಳಬಾಗಿಲಿಟ್ಟವನು ಅವರ ಹೊರೆ ಇಳಿಸುವ ಸಹಾಯಕನ ಸೋಗಿನಲ್ಲೇ ಒಳಬಂದಿದ್ದನು.